ಹೀರೋ ಗಡ್ಡಕ್ಕೆ ಸ್ಪಿರಿಟ್ ಬೇಕು... ನಿಮ್ಮ ಗಲ್ಲಕ್ಕೆ?

ಮೈಸೂರಿನಲ್ಲಿ ಮಡಿಕೇರಿ ಬಸ್ಸು ಹತ್ತಿ, ಹುಣಸೂರು, ಪಿರಿಯಾಪಟ್ಟಣ ದಾಟಿದರೆ ಕಾವೇರಿ ಹೊಳೆಗೆ ಮುಂಚೆ ಸಿಗುವ ಊರು ಬೈಲಕುಪ್ಪೆ. 1960ರ ದಶಕದ ಆರಂಭದಲ್ಲಿ ಟಿಬೆಟನ್ನರು ಬಂದು ನೆಲೆ ನಿಂತ ಜಾಗ. ಅಲ್ಲಿನ ಸ್ವರ್ಣ ದೇಗುಲದ ಮುಂದೆ ಫೋಟೋ ತೆಗೆಸಿಕೊಳ್ಳದೆ ವಾಪಸು ಬಂದ ಹುಡುಗ ಉಂಟೇ? ಕ್ರಾಪು ತೀಡಿ, ಗಡ್ಡ ನುಣ್ಣಗೆ ಹೆರೆದು, ಘಮ್ಮೆನ್ನುವ ಆಫ್ಟರ್ ಶೇವ್ ಬಳಿದುಕೊಂಡೇ ನೀವು ಹೋಗಿರ್ತೀರಿ. ಪಕ್ಕದಲ್ಲೇ ಕೆಂಪು ಬಟ್ಟೆಯ ಮರಿ ಸನ್ಯಾಸಿಗಳು ನಡೆದುಹೋಗ್ತಿರ್ತಾರೆ. ಹೊಸದಾಗಿ ದೀಕ್ಷೆ ಪಡೆದ ಬೌದ್ಧ ಸನ್ಯಾಸಿ ಪಾಲಿಸಬೇಕಾದ ಹತ್ತು ನಿಯಮಗಳಲ್ಲಿ ಎರಡನ್ನು ಮಾತ್ರ ಕೇಳಿ. ಒಂದು, ಅಮಲು ಪದಾರ್ಥ ಮುಟ್ಟಬಾರದು. ಇನ್ನೊಂದು, ಹೂಮಾಲೆ, ಸುಗಂಧ, ಲೇಪನ ಹಚ್ಚಿಕೊಳ್ಳಬಾರದು.

ತಮಾಷೆ ನೋಡಿ! ಆ ಎರಡೂ ನಿಮ್ಮ ಆಫ್ಟರ್ ಶೇವ್ ಬಾಟ್ಲಿಯಲ್ಲಿ ಒಟ್ಟಿಗೇ ಕೂತಿವೆ. ಸುಗಂಧ ಚೂರು, ಮಿಕ್ಕಿದ್ದರಲ್ಲಿ ಬಹುಪಾಲು ಸ್ಪಿರಿಟ್ ಮತ್ತು ನೀರು! ಲೇಬಲ್ ಮೇಲೆ ಅದಕ್ಕೊಂದು ಗಂಭೀರ ಹೆಸರು: ‘ಆಲ್ಕೋಹಾಲ್ ಡಿನ್ಯಾಟ್’. ಅಂದರೆ ಕುಡಿಯಲಾಗದಂತೆ ಕೆಡಿಸಿದ ಮದ್ಯಸಾರ.

ವಿಶ್ವಾಮಿತ್ರನ ಗಡ್ಡದ ಗುಟ್ಟು

ಸಿನಿಮಾ ಪತ್ರಿಕೆಯಲ್ಲಿ ಇದೇನು ಸ್ಪಿರಿಟ್ ಪುರಾಣ ಅಂತೀರಾ? ತಡೀರಿ. ಬೆಳ್ಳಿತೆರೆಗೂ ಈ ದ್ರವಕ್ಕೂ ಬಿಡಿಸಲಾಗದ ನಂಟು. ಬೈಲಕುಪ್ಪೆಯಿಂದ ಬಂದ ರಸ್ತೆಯಲ್ಲೇ ಹಿಂದಿರುಗಿದರೆ ಹುಣಸೂರು. ಆ ಊರನ್ನು ಹೆಸರಿನಲ್ಲೇ ಹೊತ್ತ ನಿರ್ದೇಶಕ ಹುಣಸೂರು ಕೃಷ್ಣಮೂರ್ತಿ ನಮಗೆ ಕೊಟ್ಟದ್ದು ‘ಸತ್ಯ ಹರಿಶ್ಚಂದ್ರ’ (1965), ‘ಭಕ್ತ ಕುಂಬಾರ’ (1974), ‘ಬಭ್ರುವಾಹನ’ (1977). ಪೌರಾಣಿಕ ಚಿತ್ರ ಎಂದ ಮೇಲೆ ಜಟೆ, ಗಡ್ಡ, ಗಿರಿಜಾ ಮೀಸೆ ಇಲ್ಲದೆ ಆದೀತೇ? ವಿಶ್ವಾಮಿತ್ರ ಆರ್ಭಟಿಸುವಾಗ ಮೀಸೆ ಕಿತ್ತು ಬಂದರೆ ಥಿಯೇಟರಿನಲ್ಲಿ ಗೊಳ್ಳೆಂದು ನಗುವವರು ನೀವೇ!

ಅಂಥ ಗಡ್ಡ ಮೀಸೆ ಅಂಟಿಸಲು ಪ್ರಸಾಧನ ಕೋಣೆಯಲ್ಲಿ ಬಳಸುತ್ತ ಬಂದ ಅಂಟು ‘ಸ್ಪಿರಿಟ್ ಗಮ್’. ಮರದ ರಾಳವನ್ನು ಮದ್ಯಸಾರದಲ್ಲಿ ಕರಗಿಸಿದರೆ ಅದೇ ಸ್ಪಿರಿಟ್ ಗಮ್. ಬ್ರಷ್ಷಿನಲ್ಲಿ ಗಲ್ಲಕ್ಕೆ ಬಳಿದು ಸ್ವಲ್ಪ ಹೊತ್ತು ಬಿಟ್ಟರೆ ಸ್ಪಿರಿಟ್ ಆರಿ ಹೋಗ್ತದೆ, ರಾಳ ಮಾತ್ರ ಅಂಟಂಟಾಗಿ ಉಳೀತದೆ. ಆಗ ಗಡ್ಡ ಇಟ್ಟು, ಒದ್ದೆ ಬಟ್ಟೆಯಿಂದ ಒತ್ತಬೇಕು. ಲೈಟುಗಳ ಉರಿಯಲ್ಲಿ ಬೆವರು ಸುರಿದರೂ ಮೀಸೆ ಅಲುಗದು. ಪ್ಯಾಕಪ್ ಆದ ಮೇಲೆ? ಹತ್ತಿಯನ್ನು ಅದೇ ಸ್ಪಿರಿಟ್‌ನಲ್ಲಿ ಅದ್ದಿ ಅಂಚಿನಿಂದ ಮೆಲ್ಲಗೆ ಬಿಡಿಸಬೇಕು. ಅವಸರದಲ್ಲಿ ಕಿತ್ತರೆ ಚರ್ಮವೇ ಕೆಂಪಾಗಿ ಸುಲಿದು ಬರ್ತದೆ. ಕೊನೆಗೆ ಎಣ್ಣೆಯೋ ಕ್ರೀಮೋ ಹಚ್ಚಿ ಮುಖಕ್ಕೆ ಸಮಾಧಾನ ಹೇಳಬೇಕು.

ಈ ಕೊನೆಯ ಮಾತನ್ನು ನೆನಪಿಡಿ. ಸ್ಪಿರಿಟ್ ಮುಟ್ಟಿದ ಚರ್ಮಕ್ಕೆ ಎಣ್ಣೆ ಬೇಕು. ಬಣ್ಣ ಹಚ್ಚುವವರಿಗೆ ಇದು ಗೊತ್ತು. ದಿನಾ ಬೆಳಿಗ್ಗೆ ಶೇವ್ ಮಾಡಿ ಬಾಟ್ಲಿ ಬಗ್ಗಿಸುವ ನಮ್ಮ ಹುಡುಗರಿಗೆ ಗೊತ್ತಿಲ್ಲ!

ಮದ್ಯವನ್ನು ಕೆಡಿಸುವುದೇಕೆ?

ಮದ್ಯಸಾರದ ತವರು ನಮ್ಮ ಕಬ್ಬಿನ ಗದ್ದೆ. ಸಕ್ಕರೆ ತೆಗೆದ ಮೇಲೆ ಉಳಿಯುವ ಕಪ್ಪು ಕಾಕಂಬಿಯನ್ನು ಹುಳಿ ಬರಿಸಿ ಬಟ್ಟಿ ಇಳಿಸಿದರೆ ಸ್ಪಿರಿಟ್. ಕುಡಿಯುವ ಮದ್ಯಕ್ಕೆ ಸರ್ಕಾರದ ಸುಂಕ ಜಾಸ್ತಿ. ಕಾರ್ಖಾನೆಗೆ ಬೇಕಾದ ಸ್ಪಿರಿಟ್‌ಗೂ ಅಷ್ಟೇ ಸುಂಕ ಹಾಕಿದರೆ ಬಣ್ಣ, ವಾರ್ನಿಷ್, ಸೆಂಟು ಯಾವುದೂ ಕೈಗೆಟುಕುವುದಿಲ್ಲ. ಅದಕ್ಕೇ ಉಪಾಯ: ಕುಡಿಯಲಾಗದ ಪದಾರ್ಥ ಬೆರೆಸಿ ಕೆಡಿಸಿಬಿಡು, ಸುಂಕ ಇಳಿಸು. ಹಾಗೆ ಬೆರೆಸುವ ಪದಾರ್ಥಗಳಲ್ಲೊಂದು ಡೆನಾಟೋನಿಯಂ. 1958ರಲ್ಲಿ ಸ್ಕಾಟ್ಲೆಂಡಿನ ಎಡಿನ್‌ಬರೋದ ಕಂಪನಿಯೊಂದು ಮರಗಟ್ಟಿಸುವ ಔಷಧಿ ಹುಡುಕುವಾಗ ಸಿಕ್ಕಿದ್ದು. ಜಗತ್ತಿನ ಅತಿ ಕಹಿ ಪದಾರ್ಥಗಳಲ್ಲಿ ಅದೂ ಒಂದು. ಹಾಗಲಕಾಯಿ ಅದರ ಮುಂದೆ ಮೈಸೂರ್ ಪಾಕ್!

ಕಂಪನಿಗಳಿಗೆ ಇದರ ಮೇಲೆ ಪ್ರೀತಿ ಯಾಕೆ? ಸುಗಂಧದ ಎಣ್ಣೆಯನ್ನು ಕರಗಿಸ್ತದೆ, ಹಚ್ಚಿದ ಕೂಡಲೇ ಆರ್ತದೆ, ಜಿಡ್ಡು ಅನ್ನಿಸೋದಿಲ್ಲ, ತಂಪಾಗ್ತದೆ. ಆದರೆ ಆ ‘ಚುರ್’ ಅನ್ನುವ ಉರಿ ಗಂಡಸುತನದ ಗುರುತಲ್ಲ ಸ್ವಾಮಿ! ಬ್ಲೇಡು ಕೆರೆದ ಚರ್ಮದ ಗೋಳಾಟ ಅದು. ಚರ್ಮದ ಮೇಲಿರುವ ಜಿಡ್ಡಿನ ತೆಳುಪದರ ಒಳಗಿನ ತೇವವನ್ನು ಹಿಡಿದಿಡುವ ಬೇಲಿ. ಸ್ಪಿರಿಟ್ ಆ ಬೇಲಿಯನ್ನೇ ಒರೆಸಿಬಿಡ್ತದೆ. ದಿನಾ ಹೀಗಾದರೆ ಒಣಗುವುದು, ಬಿಗಿಯುವುದು, ಹೊಟ್ಟೇಳುವುದು, ಕೆಂಪಾಗುವುದು. ಮೊಡವೆ ಒಣಗಲಿ ಅಂತ ಸ್ಪಿರಿಟ್ ಉಜ್ಜುವ ಶೂರರಿಗೆ ಉರಿ ಹೆಚ್ಚುವುದೇ ಲಾಭ.

ಹಾಗಂತ ಅಂಗಿಗೆ ಸೆಂಟು ಹೊಡೆದರೆ ಅಪಾಯವೇನಿಲ್ಲ. ಜಿಡ್ಡು ಚರ್ಮದವರಿಗೆ ಅಪರೂಪಕ್ಕೊಮ್ಮೆ ಹಚ್ಚಿದರೂ ನಡೆದೀತು. ಒಣ ಚರ್ಮದವರು, ಮುಖದಲ್ಲಿ ಗಾಯ, ಕಜ್ಜಿ ಇರುವವರು ದೂರ ಇರಬೇಕು.

ಲೇಬಲ್ ಓದೋದು ಹೀಗೆ

ಬಾಟ್ಲಿಯ ಬೆನ್ನಿನ ಪಟ್ಟಿಯಲ್ಲಿ ಸಾಮಾನ್ಯವಾಗಿ ಹೆಚ್ಚಿರುವ ಪದಾರ್ಥ ಮೊದಲು, ಕಡಿಮೆ ಇರುವುದು ಕೊನೆಗೆ. ‘ಆಲ್ಕೋಹಾಲ್ ಡಿನ್ಯಾಟ್’ ಮೊದಲ ಎರಡು ಮೂರರಲ್ಲಿದ್ದರೆ ದಿನಾ ಮುಖಕ್ಕೆ ಬೇಡ. ಬಾಲದಲ್ಲಿದ್ದರೆ ಚಿಂತೆಯಿಲ್ಲ. ‘ಸೀಟೈಲ್ ಆಲ್ಕೋಹಾಲ್’, ‘ಸ್ಟಿಯರಿಲ್ ಆಲ್ಕೋಹಾಲ್’ ಕಂಡರೆ ಹೆದರಬೇಡಿ. ಹೆಸರಿಗಷ್ಟೇ ಆಲ್ಕೋಹಾಲ್, ನಿಜಕ್ಕೂ ಮೇಣದಂಥ ವಸ್ತು. ಚರ್ಮವನ್ನು ಮೆದು ಮಾಡುವ ಸಜ್ಜನ!

ಶೇವ್ ಆದ ಮೇಲೆ ತಣ್ಣೀರು, ಮೇಲೆ ಸ್ಪಿರಿಟ್ ಇಲ್ಲದ ಕ್ರೀಮು ಚೂರು. ಬ್ಲೇಡು ತಾಗಿ ರಕ್ತ ಬಂದರೆ ಪಟಿಕದ ಕಲ್ಲು ಸಾಕು. ಆದರೆ ನಿಮ್ಮದೇ ಕಲ್ಲಿರಲಿ, ಸಲೂನಿನಲ್ಲಿ ಹತ್ತು ಮುಖ ಕಂಡ ಕಲ್ಲು ಬೇಡ. ಇನ್ನೊಂದು ಮಾತು: ಸ್ಪಿರಿಟ್ ಬೆಂಕಿಯ ನೆಂಟ. ಅದರ ಜ್ವಾಲೆ ಹಗಲಲ್ಲಿ ಕಣ್ಣಿಗೆ ಕಾಣೋದೇ ಕಷ್ಟ. ಸೆಂಟು ಹೊಡೆದುಕೊಂಡ ಕೂಡಲೇ ಬೀಡಿ ಸಿಗರೇಟು ಹಚ್ಚಬೇಡಿ.

ಬಾಟ್ಲಿ ಬಾಯಿಗೆ ಹೋದರೆ...

ಇಲ್ಲಿ ತಮಾಷೆ ಸಾಕು. ‘ಸ್ಪಿರಿಟ್ ತಾನೆ, ನೀರು ಬೆರೆಸಿದರೆ ಆಯ್ತು’ ಅನ್ನುವ ಗೆಳೆಯ ನಿಮ್ಮ ಗುಂಪಿನಲ್ಲೂ ಇರಬಹುದು. ಕೆಡಿಸಿದ ಸ್ಪಿರಿಟ್‌ನಲ್ಲಿ ಕೆಲವೊಮ್ಮೆ ಮೆಥನಾಲ್ ಇರ್ತದೆ. ನೋಟಕ್ಕೆ, ವಾಸನೆಗೆ ಮಾಮೂಲಿ ಮದ್ಯಸಾರದಂತೆಯೇ. ಹೊಟ್ಟೆಗೆ ಹೋದ ಮೇಲೆ ಅದು ಫಾರ್ಮಿಕ್ ಆಮ್ಲವಾಗಿ ಕಣ್ಣಿನ ನರವನ್ನೇ ಸುಡ್ತದೆ. ಮೊದಲ ಕೆಲವು ಗಂಟೆ ಏನೂ ಆಗಿಲ್ಲ ಅನ್ನಿಸ್ತದೆ. ಆಮೇಲೆ ಕಣ್ಣು ಮಂಜು, ಉಸಿರಾಟದ ತೊಂದರೆ, ಸಾವು. 1981ರಲ್ಲಿ ಬೆಂಗಳೂರಿನಲ್ಲಿ ವಿಷಮದ್ಯ ಕುಡಿದು 300ಕ್ಕೂ ಹೆಚ್ಚು ಮಂದಿ ಸತ್ತರು. 2020ರ ಲಾಕ್‌ಡೌನ್ ಕಾಲದಲ್ಲಿ ಆಂಧ್ರದ ಪ್ರಕಾಶಂ ಜಿಲ್ಲೆಯ ಕುರಿಚೇಡುವಿನಲ್ಲಿ ಸ್ಯಾನಿಟೈಸರ್ ಕುಡಿದು ಹತ್ತಕ್ಕೂ ಹೆಚ್ಚು ಜನ ಪ್ರಾಣ ಬಿಟ್ಟರು. ಯಾರಾದರೂ ಕುಡಿದದ್ದು ಗೊತ್ತಾದರೆ ಮಜ್ಜಿಗೆ, ನಿಂಬೆಹಣ್ಣು ಅಂತ ಹೊತ್ತು ಕಳೆಯಬೇಡಿ, ಬೈಯುತ್ತ ಕೂರಬೇಡಿ. ಬಾಟ್ಲಿ ಸಮೇತ ಸೀದಾ ಆಸ್ಪತ್ರೆಗೆ. ಬೇಗ ಹೋದರೆ ಮದ್ದುಂಟು, ಕಣ್ಣೂ ಉಳಿದೀತು, ಜೀವವೂ ಉಳಿದೀತು.

ತೆರೆಯ ಮೇಲಿನ ಗಡ್ಡ ಪ್ಯಾಕಪ್ ಆದ ಮೇಲೆ ಕಳಚಿ ಬರ್ತದೆ. ಕಣ್ಣು ಹೋದರೆ ಮತ್ತೆ ಯಾವ ಹೀರೋ ಸಿನಿಮಾ ನೋಡ್ತೀರಿ, ಹೇಳಿ?