ಸಂದು ಬಿಡುವ ಕಸುಬು

ಸಣ್ಣ ಟರ್ಬೊ ಎಂಜಿನ್ನಿನ ಶಕ್ತಿ ಹೆಚ್ಚಿಸುವುದು ಇವತ್ತು ದೊಡ್ಡ ವಿಷಯವಲ್ಲ. 2013ರಲ್ಲಿ ನಮ್ಮಲ್ಲಿ ಮಾರಾಟಕ್ಕೆ ಬಂದ ಫೋಕ್ಸ್‌ವ್ಯಾಗನ್ ಪೋಲೊ ಜಿಟಿ ಟಿಎಸ್‌ಐ ಕಾರನ್ನೇ ತೆಗೆದುಕೊಳ್ಳಿ. 1,197 ಸಿಸಿ, ನಾಲ್ಕು ಸಿಲಿಂಡರ್, 105 ಅಶ್ವಶಕ್ತಿ. ಇಸಿಯು ಸಾಫ್ಟ್‌ವೇರ್ ಬದಲಾಯಿಸಿ ಬೂಸ್ಟ್ ಏರಿಸಿದರೆ ಸಂಜೆಯೊಳಗೆ 130ರ ಆಸುಪಾಸಿಗೆ ಬಂದು ನಿಲ್ಲುತ್ತದೆ. ಅದೇ ಕಾರನ್ನು ಚೆನ್ನೈ ಹತ್ತಿರದ ಇರುಂಗಾಟ್ಟುಕೋಟೈ ಟ್ರ್ಯಾಕಿಗೆ ಒಯ್ದು ಇಪ್ಪತ್ತು ನಿಮಿಷ ಬಿಡದೆ ಓಡಿಸಿದರೆ ಕತೆಯೇ ಬೇರೆ. ರಸ್ತೆಯಲ್ಲಿ ಆಕ್ಸಿಲರೇಟರನ್ನು ಪೂರ್ತಿ ಒತ್ತುವುದು ಓವರ್‌ಟೇಕ್ ಮಾಡುವ ನಾಲ್ಕಾರು ಸೆಕೆಂಡು ಮಾತ್ರ. 3.7 ಕಿಲೋಮೀಟರ್ ಉದ್ದದ ಈ ಟ್ರ್ಯಾಕಿನಲ್ಲಿ ಲ್ಯಾಪಿನ ಬಹುಪಾಲು ಅದೇ ಆಗಿರುತ್ತದೆ. ಅದನ್ನು ತಾಳಿಕೊಳ್ಳುವ ಎಂಜಿನ್ ಕಟ್ಟುವುದು ಒಂದು ಕಸುಬು. ಪಕ್ಕದಲ್ಲಿ ನಿಂತು ನೋಡಿದವರಿಗೆ ಗೊತ್ತಾಗುತ್ತದೆ, ಅದರ ಜೀವಾಳ ಇರುವುದು ಸಂದು ಬಿಡುವುದರಲ್ಲಿ.

ಎಲ್ಲದರ ಮೂಲ ಬಿಸಿ. ಹೊರಹೋಗುವ ಹೊಗೆಯ ರಭಸದಿಂದ ಒಂದು ಚಕ್ರ ತಿರುಗಿಸಿ, ಅದೇ ಶಾಫ್ಟಿನ ಇನ್ನೊಂದು ತುದಿಯ ಚಕ್ರದಿಂದ ಸಿಲಿಂಡರಿಗೆ ಗಾಳಿ ಒತ್ತಿ ತುಂಬುವುದು ಟರ್ಬೊ. ಒತ್ತಿದ ಗಾಳಿ ಕಾಯುತ್ತದೆ: 30 ಡಿಗ್ರಿಯ ಗಾಳಿಯನ್ನು ಒಂದು ಬಾರ್ ಬೂಸ್ಟಿಗೆ ಒತ್ತಿದರೆ ಅದು 120 ಡಿಗ್ರಿಯ ಹತ್ತಿರ ಹೋಗುತ್ತದೆ. ಇಂಟರ್‌ಕೂಲರ್ ಅದನ್ನು ತಣಿಸದಿದ್ದರೆ, ಸ್ಪಾರ್ಕ್ ಪ್ಲಗ್ಗಿನಿಂದ ಹೊರಟ ಬೆಂಕಿ ಮುಟ್ಟುವ ಮೊದಲೇ ಮೂಲೆಯಲ್ಲಿರುವ ಪೆಟ್ರೋಲು–ಗಾಳಿ ತಾನಾಗಿ ಸಿಡಿಯುತ್ತದೆ. ನಾಕಿಂಗ್ ಎನ್ನುವುದು ಇದಕ್ಕೇ. ಜೋರಾದ ನಾಕಿಂಗ್ ಮುಂದುವರಿದರೆ ಪಿಸ್ಟನ್ ಬಹಳ ಹೊತ್ತು ಉಳಿಯುವುದಿಲ್ಲ. ಪೋಲೊದ ಈ ಎಂಜಿನ್ನಿನಲ್ಲಿ ಇಂಟರ್‌ಕೂಲರ್ ಇನ್‌ಟೇಕ್ ಮ್ಯಾನಿಫೋಲ್ಡಿನ ಒಳಗೇ ಇದೆ, ನೀರಿನಿಂದ ತಣಿಯುತ್ತದೆ. ಊರೊಳಗಿನ ಓಡಾಟಕ್ಕೆ ಜಾಣತನದ ಏರ್ಪಾಡು ಅದು. ಟ್ರ್ಯಾಕಿನಲ್ಲಿ ಲ್ಯಾಪಿನಿಂದ ಲ್ಯಾಪಿಗೆ ಆ ನೀರೇ ಕಾಯುತ್ತಾ ಹೋಗುವುದರಿಂದ ಅದರ ರೇಡಿಯೇಟರನ್ನು ದೊಡ್ಡದು ಮಾಡಬೇಕಾಗುತ್ತದೆ.

ಬಿಸಿಯಾದ ಲೋಹ ಹಿಗ್ಗುತ್ತದೆ. ಎಷ್ಟು ಹಿಗ್ಗೀತೆಂದು ಮೊದಲೇ ಲೆಕ್ಕ ಹಾಕಿ ಅಷ್ಟು ಜಾಗ ಬಿಟ್ಟಿರಬೇಕು. ಪಿಸ್ಟನ್ ರಿಂಗ್ ಪೂರ್ತಿ ವೃತ್ತವಲ್ಲ, ಅದರ ಎರಡು ತುದಿಗಳ ನಡುವೆ ಸಣ್ಣ ಸಂದಿರುತ್ತದೆ. ಬಿಲ್ಡರ್ ಒಂದೊಂದೇ ರಿಂಗನ್ನು ಸಿಲಿಂಡರಿನೊಳಗೆ ಇಳಿಸಿ, ಪಿಸ್ಟನ್ನಿನ ತಲೆಯಿಂದ ನೇರವಾಗಿ ಒತ್ತಿ ಕೂರಿಸಿ, ತುದಿಗಳ ನಡುವೆ ಫೀಲರ್ ಗೇಜಿನ ಎಸಳು ತೂರಿಸಿ ನೋಡುತ್ತಾನೆ. ಸಾಲದಿದ್ದರೆ ಹೊರತೆಗೆದು ತುದಿಗೆ ಎರಡು ಸಲ ಅರ ಹಾಕಿ, ಅಂಚಿನ ಮುಳ್ಳು ಸವರಿ, ಮತ್ತೆ ಇಳಿಸುತ್ತಾನೆ. 71 ಮಿ.ಮೀ. ಬೋರಿನ ಈ ಎಂಜಿನ್ನಿಗೆ ಟ್ರ್ಯಾಕಿನ ಬೂಸ್ಟಿನಲ್ಲಿ ಮೇಲಿನ ರಿಂಗಿಗೆ ಸುಮಾರು 0.4 ಮಿ.ಮೀ. ಬೇಕು. ಕಡಿಮೆ ಬಿಟ್ಟರೆ ಕಾದಾಗ ತುದಿಗಳು ಒಂದಕ್ಕೊಂದು ಒತ್ತಿ, ರಿಂಗ್ ಹಿಗ್ಗಲು ದಾರಿಯಿಲ್ಲದೆ ಸಿಲಿಂಡರನ್ನು ಗೀರುತ್ತದೆ, ಇಲ್ಲವೇ ಪಿಸ್ಟನ್ನಿನ ಅಂಚನ್ನೇ ಒಡೆದುಕೊಂಡು ಬರುತ್ತದೆ. ಹೆಚ್ಚು ಬಿಟ್ಟರೆ ಸ್ವಲ್ಪ ಆಯಿಲ್ ಉರಿದೀತು, ಅಷ್ಟೆ. ಅನುಮಾನವಿದ್ದಾಗ ಅನುಭವಸ್ಥರೆಲ್ಲ ಒಂದು ಎಳೆ ಜಾಸ್ತಿಯೇ ಬಿಡುವುದು ಇದಕ್ಕೇ.

ಪಿಸ್ಟನ್ನೂ ಹಾಗೆಯೇ. ಕಂಪನಿಯ ಎರಕದ ಪಿಸ್ಟನ್ ತೆಗೆದು ಫೋರ್ಜ್ಡ್ ಪಿಸ್ಟನ್ ಹಾಕುತ್ತಾರೆ. ಸಿಲಿಕಾನ್ ಕಡಿಮೆಯಿರುವ 2618 ಮಿಶ್ರಲೋಹ ಪೆಟ್ಟು ತಡೆಯುತ್ತದೆ, ಆದರೆ ಹೆಚ್ಚು ಹಿಗ್ಗುತ್ತದೆ. ಹಾಗಾಗಿ ತಣ್ಣಗಿರುವಾಗ ಬೋರಿನಲ್ಲಿ ಸಡಿಲವಾಗಿರುತ್ತದೆ, ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ಕಟಕಟ ಎನ್ನುತ್ತದೆ. ಹೊಸಬರು ಗಾಬರಿಯಾಗುತ್ತಾರೆ. ಕಾದ ಮೇಲೆ ಸದ್ದು ಅಡಗುತ್ತದೆ. ಬೋರಿಂಗ್ ಅಂಗಡಿಯಲ್ಲಿ ಕೇಳಿ ಮಾಡಿಸಿಕೊಳ್ಳಬೇಕಾದ ಇನ್ನೊಂದು ಕೆಲಸವಿದೆ: ಹೆಡ್ ಬಿಗಿದಾಗ ಸಿಲಿಂಡರಿನ ದುಂಡು ತುಸು ಕೆಡುವುದರಿಂದ, ಬ್ಲಾಕಿನ ಮೇಲೆ ದಪ್ಪ ಲೋಹದ ಪ್ಲೇಟನ್ನು ಹೆಡ್ಡಿನಷ್ಟೇ ಬಿಗಿದು, ಆಮೇಲೆ ಹೋನಿಂಗ್ ಮಾಡಬೇಕು. ಒಪ್ಪದ ಅಂಗಡಿಗೆ ಬ್ಲಾಕ್ ಕೊಡದಿರುವುದೇ ಒಳ್ಳೆಯದು.

ಬೇರಿಂಗಿನ ಸಂದು ಇನ್ನೂ ಸಣ್ಣದು. ಕ್ರ್ಯಾಂಕ್ ಜರ್ನಲ್ ವ್ಯಾಸದ ಸಾವಿರದಲ್ಲೊಂದು ಭಾಗ ಎಂಬುದು ಹಳೆಯ ಲೆಕ್ಕ, ಅಂದರೆ ಇಲ್ಲಿ ಕೂದಲೆಳೆಗಿಂತ ಕಡಿಮೆ. ಜರ್ನಲಿನ ಮೇಲೆ ಮೆತ್ತನೆಯ ಪ್ಲಾಸ್ಟಿಕ್ ದಾರದ ತುಂಡಿಟ್ಟು, ಕ್ಯಾಪ್ ಬಿಗಿದು, ಬಿಚ್ಚಿ, ದಾರ ಎಷ್ಟು ಅಗಲ ಚಪ್ಪಟೆಯಾಗಿದೆ ಎಂದು ಪಟ್ಟಿಯೊಡನೆ ಹೋಲಿಸುತ್ತಾರೆ. ಆ ಸಂದಿನಲ್ಲಿ ಆಯಿಲ್ ಪದರವೊಂದೇ ಲೋಹವನ್ನು ಲೋಹದಿಂದ ದೂರ ಇಡುವುದು. ಉದ್ದನೆಯ ತಿರುವಿನಲ್ಲಿ ಸಂಪಿನ ಆಯಿಲೆಲ್ಲ ಒಂದು ಮಗ್ಗುಲಿಗೆ ಏರಿ ಪಂಪು ಗಾಳಿ ಹೀರಿದರೆ ಕೆಲವೇ ಸೆಕೆಂಡಿನಲ್ಲಿ ಬೇರಿಂಗ್ ಹೋಗುತ್ತದೆ. ಸಂಪಿನೊಳಗೆ ಬೆಸೆಯುವ ನಾಲ್ಕು ತಗಡಿನ ಅಡ್ಡಗೋಡೆಗಳು ದುಬಾರಿ ಟರ್ಬೊಗಿಂತ ಹೆಚ್ಚು ಎಂಜಿನ್‌ಗಳನ್ನು ಉಳಿಸಿವೆ ಎಂದೇ ನನ್ನ ನಂಬಿಕೆ.

ನಮ್ಮವರಿಗೆ ಇನ್ನೊಂದು ತೊಡಕಿದೆ. ಎಂಜಿನ್ ಕಟ್ಟಿ ಟ್ಯೂನ್ ಮಾಡುವುದು ಬೆಂಗಳೂರಿನಲ್ಲಿ, ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿ. ಓಡಿಸುವುದು ಚೆನ್ನೈ ಬಯಲಿನಲ್ಲಿ. ಅಲ್ಲಿ ಗಾಳಿಯ ಒತ್ತಡ ಇಲ್ಲಿಗಿಂತ ಸುಮಾರು ನೂರಕ್ಕೆ ಹತ್ತರಷ್ಟು ಹೆಚ್ಚು, ಸೆಕೆಯೂ ಹೆಚ್ಚು. ಬರೀ ಸ್ಪ್ರಿಂಗಿನ ಬಲದಲ್ಲಿ ನಡೆಯುವ ವೇಸ್ಟ್‌ಗೇಟ್ ಇದ್ದರೆ, ಇಲ್ಲಿನ ಡೈನೊದಲ್ಲಿ ಹೊಂದಿಸಿದ ಅದೇ ಒಂದು ಬಾರ್ ಬೂಸ್ಟ್ ಅಲ್ಲಿ ಸಿಲಿಂಡರಿಗೆ ಹೆಚ್ಚಿನ ಒತ್ತಡವನ್ನೇ ಕೊಡುತ್ತದೆ. ಹಾಗಾಗಿ ಇಗ್ನಿಷನ್ ಟೈಮಿಂಗನ್ನು ಒಂದೆರಡು ಡಿಗ್ರಿ ಹಿಂದಕ್ಕೆಳೆದೇ ಟ್ರ್ಯಾಕಿಗೆ ಹೊರಡಬೇಕು. 2023ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲೇ ಚಾಲನೆ ಪಡೆದ ಇ20 ಪೆಟ್ರೋಲಿನ ಎಥೆನಾಲ್ ನಾಕಿಂಗ್ ತಡೆಯಲು ನೆರವಾಗುತ್ತದೆ ನಿಜ, ಆದರೆ ಅಷ್ಟೇ ಗಾಳಿಗೆ ಹೆಚ್ಚು ಇಂಧನ ಬೇಡುತ್ತದೆ. ಇಂಜೆಕ್ಟರ್ ಈಗಾಗಲೇ ತುದಿ ಮುಟ್ಟಿದ್ದರೆ ಆ ನೆರವು ಕೈಗೆ ಸಿಗದು.

ಸಾಮಾನ್ಯ ಕಾರಿನ ಬ್ಲಾಕಿನಿಂದ ಏನಾದೀತು ಎಂದು ಕೇಳುವವರು 1983 ನೆನೆಯಬೇಕು. ಆ ವರ್ಷ ನೆಲ್ಸನ್ ಪಿಕೆ ಫಾರ್ಮುಲಾ ಒನ್ ವಿಶ್ವ ಚಾಂಪಿಯನ್ ಆದ ಬ್ರಾಬಮ್ ಕಾರಿನಲ್ಲಿದ್ದದ್ದು 1.5 ಲೀಟರಿನ ಬಿಎಂಡಬ್ಲ್ಯು ಟರ್ಬೊ. ಪಾಲ್ ರೋಶೆ ಅದನ್ನು ಕಟ್ಟಿದ್ದು ರಸ್ತೆಯ ಕಾರುಗಳಿಗೆಂದು ತಯಾರಾಗುತ್ತಿದ್ದ ಎರಕದ ಕಬ್ಬಿಣದ ಬ್ಲಾಕಿನ ಮೇಲೆ.

ಟ್ರ್ಯಾಕಿನಲ್ಲಿ ಮೊದಲ ದಿನ ಯಾರೂ ಪೂರ್ತಿ ಬೂಸ್ಟ್ ಹಾಕುವುದಿಲ್ಲ. ಕೆಲವು ಲ್ಯಾಪ್ ಓಡಿಸಿ, ಕೊನೆಯದನ್ನು ನಿಧಾನಕ್ಕೆ ಸುತ್ತಿ ಟರ್ಬೊ ತಣಿಸಿ, ಪಿಟ್ಟಿಗೆ ತಂದು ಆಯಿಲ್ ಇಳಿಸುತ್ತಾರೆ. ಫಿಲ್ಟರಿನ ಡಬ್ಬಿ ಕತ್ತರಿಸಿ ಒಳಗಿನ ಕಾಗದದ ಮಡಿಕೆಗಳನ್ನು ಬಿಡಿಸಿ ಬಿಸಿಲಿಗೆ ಹಿಡಿಯುತ್ತಾರೆ. ಅಯಸ್ಕಾಂತಕ್ಕೆ ಅಂಟುವ ಪುಡಿಯಿದ್ದರೆ ಬೋರು ಅಥವಾ ರಿಂಗ್, ಬೆಳ್ಳಗೆ ಮಿನುಗಿದರೆ ಪಿಸ್ಟನ್, ತಾಮ್ರದ ಬಣ್ಣ ಕಂಡರೆ ಬೇರಿಂಗ್ ಪದರ ಸವೆದಿದೆ ಎಂದು ಅರ್ಥ. ಮಡಿಕೆಗಳು ಚೊಕ್ಕಟವಾಗಿದ್ದರೆ ಹೊಸ ಆಯಿಲ್ ಹಾಕಿ, ಮುಂದಿನ ಸೆಷನ್ನಿಗೆ 0.1 ಬಾರ್ ಏರಿಸುತ್ತಾರೆ.