ಗ್ರಾಮ ಪರಂಪರೆ ಸಂರಕ್ಷಣಾ ಸಮಿತಿ: ರಚನೆ, ಅಧಿಕಾರ ಮತ್ತು ಕಾರ್ಯವಿಧಾನ

ತಿಪಟೂರು, ತುರುವೇಕೆರೆ ಮತ್ತು ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳ ತೆಂಗಿನ ಸೀಮೆಯಲ್ಲಿ ಹಳೆಯ ಗುಡಿಗಳು, ಕಲ್ಯಾಣಿಗಳು, ಕೆರೆಯ ತೂಬುಗಳು, ವೀರಗಲ್ಲು, ಮಾಸ್ತಿಕಲ್ಲು ಮತ್ತು ಶಾಸನ ಕಲ್ಲುಗಳು ಹೇರಳವಾಗಿವೆ. ಅರಳಗುಪ್ಪೆಯಲ್ಲಿ 9ನೇ ಶತಮಾನದ ಕಲ್ಲೇಶ್ವರ ದೇವಾಲಯವೂ ಹೊಯ್ಸಳರ ಕಾಲದ ಚೆನ್ನಕೇಶವ ದೇವಾಲಯವೂ ಇವೆ. ವಿಘ್ನಸಂತೆಯ ಲಕ್ಷ್ಮೀನರಸಿಂಹ ದೇವಾಲಯ 1286ರದು. ತುರುವೇಕೆರೆಯ ಚೆನ್ನಕೇಶವ ದೇವಾಲಯ 1263ರದು. ಶೆಟ್ಟಿಕೆರೆಯ ಯೋಗಮಾಧವ ದೇವಾಲಯ 1261ರದು. ನಾಗಲಾಪುರದಲ್ಲಿ ಚೆನ್ನಕೇಶವ ಮತ್ತು ಕೇದಾರೇಶ್ವರ ದೇವಾಲಯಗಳಿವೆ. ಇವು ಹೆಸರಾದವು. ಆದರೆ ಯಾವ ಫಲಕವೂ ಇಲ್ಲದೆ ತೋಟದ ಬದುವಿನಲ್ಲಿ, ಕೆರೆ ಏರಿಯ ಮೇಲೆ, ಊರ ಬಾಗಿಲಿನಲ್ಲಿ ನಿಂತಿರುವ ಕಲ್ಲುಗಳ ಸಂಖ್ಯೆ ಇವುಗಳಿಗಿಂತ ಎಷ್ಟೋ ಹೆಚ್ಚು.

ಹೆಸರಾದ ದೇವಾಲಯಗಳನ್ನು ನೋಡಿಕೊಳ್ಳಲು ಇಲಾಖೆಗಳಿವೆ. ಹೆಸರಿಲ್ಲದ ಕಲ್ಲುಗಳ ಅಳಿವು ಉಳಿವು ಬಹುಮಟ್ಟಿಗೆ ಗ್ರಾಮ ಪಂಚಾಯಿತಿಯ ತೀರ್ಮಾನದಲ್ಲಿಯೇ ಅಡಗಿದೆ. ರಸ್ತೆ ಅಗಲಿಸುವುದು, ಚರಂಡಿ ತೆಗೆಯುವುದು, ಕೆರೆಯ ಹೂಳೆತ್ತುವುದು, ಸಮುದಾಯ ಭವನಕ್ಕೆ ಜಾಗ ಗುರುತಿಸುವುದು, ಮನೆ ಕಟ್ಟಲು ಪರವಾನಗಿ ನೀಡುವುದು ಇವೆಲ್ಲವೂ ಪಂಚಾಯಿತಿಯ ನಡಾವಳಿ ಪುಸ್ತಕದಿಂದಲೇ ಆರಂಭವಾಗುತ್ತವೆ. ಜೆಸಿಬಿ ಯಂತ್ರ ಒಂದು ಗಂಟೆಯಲ್ಲಿ ಮಾಡುವ ನಷ್ಟವನ್ನು ಯಾವ ಅನುದಾನವೂ ತುಂಬಿಕೊಡಲಾರದು. ಆದ್ದರಿಂದ ಗ್ರಾಮ ಮಟ್ಟದಲ್ಲಿ ಪರಂಪರೆ ಸಂರಕ್ಷಣಾ ಸಮಿತಿಯೊಂದನ್ನು ರಚಿಸುವುದು ಹೇಗೆ, ಅದಕ್ಕೆ ಯಾವ ಅಧಿಕಾರ ಇದೆ ಮತ್ತು ಯಾವುದು ಇಲ್ಲ ಎಂಬುದನ್ನು ಸದಸ್ಯರ ಅವಗಾಹನೆಗಾಗಿ ಇಲ್ಲಿ ವಿವರಿಸಲಾಗಿದೆ.

1. ಯಾವುದು ಯಾರ ರಕ್ಷಣೆಯಲ್ಲಿದೆ

ಮೊದಲು ತಿಳಿಯಬೇಕಾದುದು ಸ್ಮಾರಕದ ಕಾನೂನು ಸ್ಥಿತಿ. ಇದು ನಾಲ್ಕು ಬಗೆಯದು.

ಅ) ಕೇಂದ್ರ ಸಂರಕ್ಷಿತ ಸ್ಮಾರಕ: 1958ರ ಪ್ರಾಚೀನ ಸ್ಮಾರಕಗಳು ಹಾಗೂ ಪುರಾತತ್ವ ಸ್ಥಳಗಳು ಮತ್ತು ಅವಶೇಷಗಳ ಅಧಿನಿಯಮದ ಅಡಿಯಲ್ಲಿ ರಾಷ್ಟ್ರೀಯ ಮಹತ್ವದ್ದೆಂದು ಘೋಷಿತವಾದುದು. ಇದರ ಹೊಣೆ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯದು. ತುಮಕೂರು ಜಿಲ್ಲೆ ಈ ಇಲಾಖೆಯ ಬೆಂಗಳೂರು ವೃತ್ತಕ್ಕೆ ಸೇರಿದೆ.

ಆ) ರಾಜ್ಯ ಸಂರಕ್ಷಿತ ಸ್ಮಾರಕ: 1961ರ ರಾಜ್ಯ ಅಧಿನಿಯಮದ ಅಡಿಯಲ್ಲಿ ಘೋಷಿತವಾದುದು. ಇದರ ಹೊಣೆ ಮೈಸೂರಿನಲ್ಲಿ ಕೇಂದ್ರ ಕಚೇರಿ ಇರುವ ಪುರಾತತ್ವ, ಸಂಗ್ರಹಾಲಯಗಳು ಮತ್ತು ಪರಂಪರೆ ಇಲಾಖೆಯದು.

ಇ) ಮುಜರಾಯಿ ದೇವಾಲಯ: 1997ರ ಕರ್ನಾಟಕ ಹಿಂದೂ ಧಾರ್ಮಿಕ ಸಂಸ್ಥೆಗಳ ಮತ್ತು ಧರ್ಮಾದಾಯ ದತ್ತಿಗಳ ಅಧಿನಿಯಮಕ್ಕೆ ಒಳಪಟ್ಟುದು. ಇದಕ್ಕೆ ವ್ಯವಸ್ಥಾಪನಾ ಸಮಿತಿ ಇರುತ್ತದೆ. ಒಂದೇ ದೇವಾಲಯವು ಪೂಜೆಯ ದೃಷ್ಟಿಯಿಂದ ಮುಜರಾಯಿಗೂ ಕಟ್ಟಡದ ದೃಷ್ಟಿಯಿಂದ ಪುರಾತತ್ವ ಇಲಾಖೆಗೂ ಒಳಪಟ್ಟಿರಬಹುದು.

ಈ) ಯಾವ ಪಟ್ಟಿಯಲ್ಲಿಯೂ ಇಲ್ಲದುದು: ಗ್ರಾಮದೇವತೆಯ ಹಳೆಯ ಗುಡಿ, ಕಲ್ಯಾಣಿ, ಮಂಟಪ, ತೂಬು, ವೀರಗಲ್ಲು ಮುಂತಾದವು. ಗ್ರಾಮ ಸಮಿತಿಯ ಮುಖ್ಯ ಕೆಲಸ ಇರುವುದು ಈ ನಾಲ್ಕನೆಯ ವರ್ಗದಲ್ಲಿಯೇ.

ಫಲಕ ಕಾಣಲಿಲ್ಲವೆಂದ ಮಾತ್ರಕ್ಕೆ ಸ್ಮಾರಕ ಸಂರಕ್ಷಿತವಲ್ಲವೆಂದು ಭಾವಿಸಬಾರದು. ಎರಡೂ ಇಲಾಖೆಗಳಿಗೆ ಪತ್ರ ಬರೆದು ಲಿಖಿತ ಉತ್ತರ ಪಡೆದು ಕಡತದಲ್ಲಿ ಇಡುವುದು ಕ್ಷೇಮ.

2. ನೂರು ಮೀಟರ್ ಮತ್ತು ಇನ್ನೂರು ಮೀಟರ್

1958ರ ಕೇಂದ್ರ ಅಧಿನಿಯಮಕ್ಕೆ 2010ರಲ್ಲಿ ತಿದ್ದುಪಡಿಯಾಯಿತು. ಅದರಂತೆ ಕೇಂದ್ರ ಸಂರಕ್ಷಿತ ಸ್ಮಾರಕದ ಎಲ್ಲೆಯಿಂದ 100 ಮೀಟರ್ ವರೆಗಿನ ಪ್ರದೇಶ ನಿಷೇಧಿತ. ಅಲ್ಲಿಂದ ಮುಂದಿನ 200 ಮೀಟರ್ ನಿಯಂತ್ರಿತ. ನಿಷೇಧಿತ ಪ್ರದೇಶದಲ್ಲಿ ಹೊಸ ಕಟ್ಟಡಕ್ಕೆ ಅವಕಾಶವಿಲ್ಲ. ಅಲ್ಲಿ ಈಗಾಗಲೇ ಇರುವ ಮನೆಯ ದುರಸ್ತಿ ಮತ್ತು ನವೀಕರಣಕ್ಕೆ ಸಕ್ಷಮ ಪ್ರಾಧಿಕಾರದ ಅನುಮತಿ ಪಡೆಯಬಹುದು. ನಿಯಂತ್ರಿತ ಪ್ರದೇಶದಲ್ಲಿ ಅನುಮತಿ ಪಡೆದು ಹೊಸದಾಗಿಯೂ ಕಟ್ಟಬಹುದು. ಉಲ್ಲಂಘನೆಗೆ ಎರಡು ವರ್ಷದವರೆಗೆ ಸೆರೆವಾಸ ಅಥವಾ 1 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದು.

ಈ ನಿಯಮದ ಬಗ್ಗೆ ಎರಡು ತಪ್ಪು ತಿಳಿವಳಿಕೆಗಳಿವೆ. ಸರ್ಕಾರಿ ಕಟ್ಟಡಕ್ಕೆ ನಿಷೇಧ ಅನ್ವಯಿಸುವುದಿಲ್ಲ ಎಂಬುದು ಮೊದಲನೆಯದು. ಇದು ಸರಿಯಲ್ಲ, ಅಂಗನವಾಡಿಯಾಗಲಿ ಸಮುದಾಯ ಭವನವಾಗಲಿ ನಿಷೇಧದಿಂದ ಹೊರತಲ್ಲ. ಸ್ಮಾರಕದ ಪಕ್ಕದ ಕೇರಿಗೆ ಯಾವ ಸೌಕರ್ಯವನ್ನೂ ಕೊಡುವಂತಿಲ್ಲ ಎಂಬುದು ಎರಡನೆಯದು. ಇದೂ ಸರಿಯಲ್ಲ. ಅಧಿನಿಯಮದಲ್ಲಿ ‘ನಿರ್ಮಾಣ’ ಎಂಬ ಪದಕ್ಕೆ ನೀಡಿರುವ ಅರ್ಥವಿವರಣೆಯಿಂದ ಚರಂಡಿ, ಸಾರ್ವಜನಿಕ ಶೌಚಾಲಯ, ಕುಡಿಯುವ ನೀರು ಪೂರೈಕೆ ಮತ್ತು ವಿದ್ಯುತ್ ಪೂರೈಕೆಯ ಕಾಮಗಾರಿಗಳನ್ನು ಹೊರಗಿಡಲಾಗಿದೆ. ಹೀಗಿದ್ದರೂ ನೆಲ ಅಗೆಯುವ ಮೊದಲು ಇಲಾಖೆಗೆ ತಿಳಿಸಿ ಸ್ಥಳ ತೋರಿಸುವುದು ಉಚಿತ. ಈ ಅರ್ಥವಿವರಣೆ ತಿಳಿಯದೆ ದೇವಾಲಯದ ಸುತ್ತಲಿನ ಮನೆಗಳಿಗೆ ನೀರಿನ ಕೊಳವೆಯನ್ನೇ ನಿರಾಕರಿಸಿದರೆ, ಆ ಮನೆಗಳವರಿಗೆ ಸ್ಮಾರಕವೇ ಶತ್ರುವಾಗಿ ತೋರುತ್ತದೆ.

3. ಸಮಿತಿಗೆ ಇರುವ ಆಧಾರ

ಕೆಲವು ದೇಶಗಳಲ್ಲಿ ಸ್ಥಳೀಯ ಸಂಸ್ಥೆಯೇ ಕಾಯಿದೆ ಮಾಡಿ ಪರಂಪರೆ ಆಯೋಗವನ್ನು ನೇಮಿಸುತ್ತದೆ. ಅಮೆರಿಕದ ಚಾರ್ಲ್ಸ್‌ಟನ್ ನಗರ 1931ರಲ್ಲಿಯೇ ಇಂತಹ ಕಟ್ಟಳೆ ತಂದಿತು. ಗುರುತಿಸಿದ ಪ್ರದೇಶದಲ್ಲಿ ಹಳೆಯ ಕಟ್ಟಡದ ಹೊರರೂಪ ಬದಲಿಸಲು ಅಲ್ಲಿ ಮಂಡಳಿಯ ಒಪ್ಪಿಗೆ ಬೇಕು. ನಮ್ಮ ರಾಜ್ಯದಲ್ಲಿ ಇದಕ್ಕೆ ಹತ್ತಿರವಾದುದು 2002ರ ಅಧಿನಿಯಮದಂತೆ ಸ್ಥಾಪಿತವಾದ ಹಂಪಿ ವಿಶ್ವ ಪರಂಪರೆ ಪ್ರದೇಶ ನಿರ್ವಹಣಾ ಪ್ರಾಧಿಕಾರ. ತುಂಗಭದ್ರೆಗೆ ಅಡ್ಡಲಾಗಿ ಕೈಗೊಂಡ ಸೇತುವೆ ಕಾಮಗಾರಿಗಳ ಕಾರಣದಿಂದ 1999ರಲ್ಲಿ ಹಂಪಿಯು ಯುನೆಸ್ಕೊದ ಅಪಾಯದಲ್ಲಿರುವ ಪರಂಪರೆಯ ಪಟ್ಟಿಗೆ ಸೇರಿತ್ತು. 2006ರಲ್ಲಿ ಆ ಪಟ್ಟಿಯಿಂದ ಹೊರಬಂದಿತು. ಅಭಿವೃದ್ಧಿ ಮತ್ತು ಸಂರಕ್ಷಣೆಯ ತೀರ್ಮಾನಗಳು ಬೇರೆ ಬೇರೆ ಕಚೇರಿಗಳಲ್ಲಿ ಪರಸ್ಪರ ಅರಿವಿಲ್ಲದೆ ಆದರೆ ಏನಾಗುವುದೆಂಬುದಕ್ಕೆ ಇದೊಂದು ನಿದರ್ಶನ.

ಗ್ರಾಮ ಪಂಚಾಯಿತಿ ರಚಿಸುವ ಸಮಿತಿಗೆ ಚಾರ್ಲ್ಸ್‌ಟನ್ನಿನ ಮಂಡಳಿಗೆ ಅಥವಾ ಹಂಪಿ ಪ್ರಾಧಿಕಾರಕ್ಕೆ ಇರುವಂತಹ ಸ್ವತಂತ್ರ ಅಧಿಕಾರವಿಲ್ಲ. ಅದು ಸಲಹಾ ಸ್ವರೂಪದ್ದು. ಅಂತಿಮ ನಿರ್ಣಯ ಪಂಚಾಯಿತಿಯದೇ. ಆದರೆ ಪಂಚಾಯಿತಿಯ ಕೈಯಲ್ಲಿರುವ ಅಧಿಕಾರ ಸಣ್ಣದಲ್ಲ. ಸಂವಿಧಾನದ ಹನ್ನೊಂದನೆಯ ಅನುಸೂಚಿಯಲ್ಲಿ ಸಾಂಸ್ಕೃತಿಕ ಚಟುವಟಿಕೆಗಳು 21ನೆಯ ವಿಷಯವಾಗಿಯೂ ಸಮುದಾಯ ಆಸ್ತಿಗಳ ನಿರ್ವಹಣೆ 29ನೆಯ ವಿಷಯವಾಗಿಯೂ ಸೇರಿವೆ. ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮ, 1993ರ 64ನೇ ಪ್ರಕರಣ ಕಟ್ಟಡ ನಿರ್ಮಾಣದ ನಿಯಂತ್ರಣವನ್ನು ಪಂಚಾಯಿತಿಗೆ ವಹಿಸಿದೆ. ಸಮಿತಿಯ ಸಲಹೆ ಕಟ್ಟಡ ಪರವಾನಗಿಯ ಕಡತಕ್ಕೂ ವಾರ್ಷಿಕ ಕ್ರಿಯಾ ಯೋಜನೆಗೂ ತಲುಪುವಂತೆ ಏರ್ಪಡಿಸಿದರೆ ಮಾತ್ರ ಅದಕ್ಕೆ ಬಲ ಬರುತ್ತದೆ.

4. ರಚನೆಯ ಹಂತಗಳು

ಮೊದಲಿಗೆ ವಾರ್ಡ್ ಸಭೆ ಮತ್ತು ಗ್ರಾಮ ಸಭೆಗಳಲ್ಲಿ ವಿಷಯ ಮಂಡಿಸಿ ಅಭಿಪ್ರಾಯ ಪಡೆಯಬೇಕು. ನಂತರ ಪಂಚಾಯಿತಿಯ ಸಾಮಾನ್ಯ ಸಭೆಯಲ್ಲಿ ನಿರ್ಣಯ ಅಂಗೀಕರಿಸಬೇಕು. ನಿರ್ಣಯದಲ್ಲಿ ಸಮಿತಿಯ ಉದ್ದೇಶ, ಸದಸ್ಯರ ಸಂಖ್ಯೆ, ಅವಧಿ, ಸಭೆಗೆ ಬೇಕಾದ ಕೋರಂ, ವರದಿ ಸಲ್ಲಿಸಬೇಕಾದ ಕಾಲಮಿತಿ ಇವಿಷ್ಟೂ ಸ್ಪಷ್ಟವಾಗಿರಬೇಕು. ‘ಸಮಿತಿ ರಚಿಸಲು ತೀರ್ಮಾನಿಸಲಾಯಿತು’ ಎಂಬ ಒಂದು ಸಾಲಿನ ನಿರ್ಣಯದಿಂದ ಹುಟ್ಟಿದ ಸಮಿತಿ ಸಾಮಾನ್ಯವಾಗಿ ಆ ಸಾಲಿನಲ್ಲಿಯೇ ಉಳಿದುಬಿಡುತ್ತದೆ.

ಏಳರಿಂದ ಒಂಬತ್ತು ಸದಸ್ಯರಿದ್ದರೆ ಸಾಕು. ಗ್ರಾಮ ಪಂಚಾಯಿತಿ ಸದಸ್ಯರು ಇಬ್ಬರು, ಊರಿನ ಶಾಲೆಯ ಶಿಕ್ಷಕರೊಬ್ಬರು, ಕಲ್ಲುಕೆಲಸ ಅಥವಾ ಗಾರೆ ಕೆಲಸ ಬಲ್ಲವರೊಬ್ಬರು, ಕೆರೆ ಅಚ್ಚುಕಟ್ಟಿನ ರೈತರೊಬ್ಬರು, ಸ್ಮಾರಕದ ಸಮೀಪ ಮನೆ ಅಥವಾ ತೋಟ ಉಳ್ಳವರೊಬ್ಬರು, ಸ್ವಸಹಾಯ ಸಂಘದ ಪ್ರತಿನಿಧಿಯೊಬ್ಬರು ಇರುವುದು ಸೂಕ್ತ. ಮಹಿಳೆಯರಿಗೂ ಪರಿಶಿಷ್ಟ ಜಾತಿ ಮತ್ತು ಪರಿಶಿಷ್ಟ ಪಂಗಡದವರಿಗೂ ಸ್ಥಾನ ಇರಲೇಬೇಕು. ಊರಿನ ಪರಂಪರೆ ಒಂದು ಕೇರಿಯದಲ್ಲ. ಮಾಸ್ತಿಕಲ್ಲಿನ ಪೂಜೆ, ಊರ ಗಡಿಯ ಕಲ್ಲು, ಹಬ್ಬದ ಕ್ರಮ ಇವುಗಳ ನೆನಪು ಬೇರೆ ಬೇರೆ ಮನೆತನಗಳಲ್ಲಿ ಹಂಚಿಹೋಗಿರುತ್ತದೆ. ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯವರು ಸಂಚಾಲಕರಾಗಿದ್ದರೆ ಕಡತ ಮುಂದುವರಿಯುತ್ತದೆ.

5. ಸಭೆಯ ನಡವಳಿಕೆ

ಮೂರು ತಿಂಗಳಿಗೊಮ್ಮೆಯಾದರೂ ಸಭೆ ಸೇರಬೇಕು. ಕಾಮಗಾರಿ ಅಥವಾ ಪರವಾನಗಿಯ ಪ್ರಶ್ನೆ ಬಂದಾಗ ತುರ್ತಾಗಿ ಸೇರಬೇಕು. ಯಾರ ಜಮೀನು ಅಥವಾ ಮನೆಯ ವಿಷಯ ಚರ್ಚೆಗೆ ಬಂದಿದೆಯೋ ಅವರಿಗೆ ಮುಂಚಿತವಾಗಿ ತಿಳಿವಳಿಕೆ ಪತ್ರ ನೀಡಿ ಅವರ ಮಾತು ಕೇಳಬೇಕು. ಸದಸ್ಯರದೇ ಆಸ್ತಿ ಅಥವಾ ಗುತ್ತಿಗೆಯ ವಿಷಯವಾಗಿದ್ದಲ್ಲಿ ಆ ಸದಸ್ಯರು ಅದನ್ನು ಸಭೆಗೆ ತಿಳಿಸಿ, ಆ ಚರ್ಚೆಯಿಂದ ಹೊರಗುಳಿಯಬೇಕು. ಸಲಹೆಯ ಜೊತೆಗೆ ಕಾರಣವನ್ನೂ ನಡಾವಳಿಯಲ್ಲಿ ದಾಖಲಿಸಬೇಕು. ಕಾರಣವಿಲ್ಲದ ನಿರಾಕರಣೆ ಜನರಲ್ಲಿ ಸಂಶಯ ಹುಟ್ಟಿಸುತ್ತದೆ. ಕಾರಣ ಬರೆದಿಟ್ಟ ನಿರಾಕರಣೆ ಮುಂದಿನ ಸಮಿತಿಗೂ ದಾರಿ ತೋರುತ್ತದೆ.

6. ಪರಂಪರೆ ವಹಿ

ಸಮಿತಿಯ ಮೊದಲ ವರ್ಷದ ಕೆಲಸ ಒಂದೇ: ಇರುವುದನ್ನು ಬರೆದಿಡುವುದು. ಪ್ರತಿಯೊಂದಕ್ಕೂ ಕ್ರಮಸಂಖ್ಯೆ, ಸರ್ವೆ ನಂಬರು, ಅಳತೆ, ನಾಲ್ಕು ದಿಕ್ಕಿನ ಛಾಯಾಚಿತ್ರ, ಈಗಿನ ಸ್ಥಿತಿ, ಜಾಗದ ಒಡೆತನ ಮತ್ತು ಊರಿನಲ್ಲಿ ಅದಕ್ಕಿರುವ ಹೆಸರು ದಾಖಲಾಗಬೇಕು. ಈ ಕೆಲಸಕ್ಕೆ ಒಂದು ಹಳೆಯ ಆಧಾರವೂ ಇದೆ. ಮೈಸೂರು ಸಂಸ್ಥಾನದ ಪುರಾತತ್ವ ಇಲಾಖೆಯನ್ನು ನಡೆಸಿದ ಬಿ.ಎಲ್. ರೈಸ್ ಅವರು ‘ಎಪಿಗ್ರಾಫಿಯಾ ಕರ್ನಾಟಿಕ’ ಮಾಲೆಯ 12ನೇ ಸಂಪುಟದಲ್ಲಿ ತುಮಕೂರು ಜಿಲ್ಲೆಯ ಶಾಸನಗಳನ್ನು 1904ರಲ್ಲಿ ಪ್ರಕಟಿಸಿದರು. ಅದರಲ್ಲಿ ತಾಲ್ಲೂಕುವಾರು, ಊರುವಾರು ಶಾಸನಗಳ ಪಾಠವಿದೆ. ತಮ್ಮ ಊರಿನ ಹೆಸರಿನಡಿ ಅಲ್ಲಿ ಎಷ್ಟು ಶಾಸನಗಳಿವೆ, ಇಂದು ನೆಲದ ಮೇಲೆ ಎಷ್ಟು ಉಳಿದಿವೆ ಎಂದು ಹೋಲಿಸಿ ನೋಡಿದರೆ, ಒಂದು ಶತಮಾನದ ಲಾಭ ನಷ್ಟ ತಾನಾಗಿಯೇ ತಿಳಿಯುತ್ತದೆ.

ವಿಗ್ರಹ, ತಾಮ್ರಪಟ ಮುಂತಾದ ಚರವಸ್ತುಗಳನ್ನು ಪ್ರತ್ಯೇಕವಾಗಿ ಬರೆಯಬೇಕು. 1972ರ ಅಧಿನಿಯಮದ ಪ್ರಕಾರ ನೂರು ವರ್ಷಕ್ಕಿಂತ ಹಳೆಯ ಇಂತಹ ವಸ್ತುಗಳು ಪ್ರಾಚ್ಯವಸ್ತುಗಳೆನಿಸುತ್ತವೆ. ಹಸ್ತಪ್ರತಿಗಳಿಗೆ ಈ ಅವಧಿ 75 ವರ್ಷ. ಕಳವಾದ ವಿಗ್ರಹವನ್ನು ಗುರುತಿಸಿ ಮರಳಿ ಪಡೆಯಲು ಮುಂಚೆಯೇ ತೆಗೆದಿಟ್ಟ ಸ್ಪಷ್ಟ ಛಾಯಾಚಿತ್ರ ದೊಡ್ಡ ಸಾಕ್ಷಿಯಾಗುತ್ತದೆ. ಪಾಯ ತೋಡುವಾಗ ನಾಣ್ಯ, ಒಡವೆ, ವಿಗ್ರಹ ದೊರೆತರೆ ಕೆಲಸ ನಿಲ್ಲಿಸಿ ತಹಶೀಲ್ದಾರರ ಮೂಲಕ ಜಿಲ್ಲಾಧಿಕಾರಿಗಳಿಗೆ ತಿಳಿಸಬೇಕು. ನಿಧಿಯ ಆಸೆಗೆ ಗುಡಿಯ ಗರ್ಭಗೃಹವನ್ನೋ ನಂದಿಯ ಅಡಿಯನ್ನೋ ಅಗೆದ ಕುರುಹು ಕಂಡರೆ ಅಂದೇ ಪೊಲೀಸ್ ಠಾಣೆಗೆ ದೂರು ನೀಡಬೇಕು.

7. ದುರಸ್ತಿ ಮತ್ತು ಹಣ

ಭಕ್ತಿಯಿಂದ ಮಾಡಿದ ದುರಸ್ತಿಯೇ ಹಲವು ಬಾರಿ ಹಾನಿಗೆ ಕಾರಣವಾಗುತ್ತದೆ. ಹೊಯ್ಸಳ ಶಿಲ್ಪದ ಬಳಪದ ಕಲ್ಲು ಮೃದುವಾದುದು. ಅದರ ಮೇಲೆ ಎಣ್ಣೆಬಣ್ಣ ಬಳಿದರೆ ತೇವ ಒಳಗೆ ಸಿಲುಕಿ ಮೇಲ್ಪದರ ಉದುರುತ್ತದೆ. ಯಂತ್ರದಿಂದ ಮರಳು ಚಿಮ್ಮಿಸಿ ತೊಳೆದರೆ ಕೆತ್ತನೆಯ ಅಂಚು ಸವೆಯುತ್ತದೆ. ಸುಣ್ಣದ ಗಾರೆಯ ಹಳೆಯ ಕಟ್ಟಡಕ್ಕೆ ಸಿಮೆಂಟ್ ಹೊಂದುವುದಿಲ್ಲ. ಸಮಿತಿ ತಾನಾಗಿಯೇ ಮಾಡಬಹುದಾದ ಕೆಲಸಗಳೆಂದರೆ ಗಿಡಗಂಟಿ ತೆಗೆಯುವುದು, ಮಾಳಿಗೆಯ ಮೇಲೆ ನೀರು ನಿಲ್ಲದಂತೆ ನೋಡುವುದು, ಸುತ್ತ ಚರಂಡಿ ಸರಿಪಡಿಸುವುದು. ಅದಕ್ಕಿಂತ ಮುಂದಿನದಕ್ಕೆ ಇಲಾಖೆಯ ತಾಂತ್ರಿಕ ಸಲಹೆ ಬೇಕು. ಸಂರಕ್ಷಿತ ಸ್ಮಾರಕವಾಗಿದ್ದರೆ ಯಾವ ಕೆಲಸಕ್ಕೂ ಪೂರ್ವಾನುಮತಿ ಕಡ್ಡಾಯ.

ಹಣದ ಮೂಲಗಳು ಸೀಮಿತ, ಆದರೆ ಇಲ್ಲವೆನ್ನುವಂತಿಲ್ಲ. ಪಂಚಾಯಿತಿಯ ಸ್ವಂತ ಸಂಪನ್ಮೂಲದಿಂದ ಸಣ್ಣ ಮೊತ್ತ ಮೀಸಲಿಡಬಹುದು. ರಾಜ್ಯದ ಹಲವು ಗ್ರಾಮ ಪಂಚಾಯಿತಿಗಳು ಉದ್ಯೋಗ ಖಾತರಿ ಕಾಮಗಾರಿಯಾಗಿ ಕಲ್ಯಾಣಿಗಳನ್ನು ಪುನಶ್ಚೇತನಗೊಳಿಸಿವೆ. ಶ್ರೀ ಧರ್ಮಸ್ಥಳ ಮಂಜುನಾಥೇಶ್ವರ ಧರ್ಮೋತ್ಥಾನ ಟ್ರಸ್ಟ್ ಹಳೆಯ ದೇವಾಲಯಗಳ ಜೀರ್ಣೋದ್ಧಾರವನ್ನು ಸರ್ಕಾರ ಮತ್ತು ಊರಿನವರ ಪಾಲುಗಾರಿಕೆಯಲ್ಲಿ ನಡೆಸುತ್ತಾ ಬಂದಿದೆ. ಇಂತಹ ಏರ್ಪಾಡಿನಲ್ಲಿ ಊರಿನ ಪಾಲನ್ನು ಕೂಡಿಸಿ ಲೆಕ್ಕ ಒಪ್ಪಿಸಲು ಸ್ಥಳೀಯ ಸಮಿತಿ ಬೇಕೇ ಬೇಕು. ಸಂಗ್ರಹಿಸಿದ ವಂತಿಗೆಗೆ ರಸೀದಿ ನೀಡಿ, ಜಮಾ ಖರ್ಚನ್ನು ಗ್ರಾಮ ಸಭೆಯಲ್ಲಿ ಓದಿ ಹೇಳಬೇಕು.

8. ಒಂದು ಸಂದರ್ಭ

ಊರಿನಿಂದ ತೋಟದ ಸಾಲಿಗೆ ಹೋಗುವ ಬಂಡಿದಾರಿಯನ್ನು ಕಾಂಕ್ರೀಟ್ ರಸ್ತೆ ಮಾಡಲು ಮಂಜೂರಾತಿ ಬಂದಿದೆ ಎಂದಿಟ್ಟುಕೊಳ್ಳೋಣ. ದಾರಿಯ ಅಂಚಿನಲ್ಲಿ ಒಂದು ವೀರಗಲ್ಲು ಅರ್ಧ ಹೂತು ನಿಂತಿದೆ. ಮಳೆಗಾಲದಲ್ಲಿ ತೆಂಗಿನಕಾಯಿ ಮತ್ತು ಕೊಬ್ಬರಿ ಸಾಗಿಸಲು ಪಡುವ ಪಾಡು ರೈತರಿಗೆ ಗೊತ್ತು. ಅವರಿಗೆ ರಸ್ತೆ ಬೇಕು. ಕಲ್ಲನ್ನು ಕಿತ್ತು ಗುಡಿಯ ಮುಂದೆ ನಿಲ್ಲಿಸಿದರಾಯಿತೆಂದು ಕೆಲವರು ಹೇಳುತ್ತಾರೆ. ಆದರೆ ವೀರಗಲ್ಲು ನಿಂತ ಜಾಗವೂ ಅದರ ಸಾಕ್ಷ್ಯದ ಭಾಗ. ತುರು ಕಾಯುತ್ತಲೋ ಊರು ಕಾಯುತ್ತಲೋ ಮಡಿದವನ ನೆನಪಿಗೆ ನೆಟ್ಟ ಕಲ್ಲು, ಸ್ಥಳ ತಪ್ಪಿದರೆ ಅರ್ಧ ಮೂಕವಾಗುತ್ತದೆ.

ಇಲ್ಲಿ ಸಮಿತಿ ಮಾಡಬೇಕಾದುದು ರಸ್ತೆಯನ್ನು ತಡೆಯುವುದಲ್ಲ. ಅಂದಾಜು ಪಟ್ಟಿ ಸಿದ್ಧವಾಗುವ ಮೊದಲೇ ಎಂಜಿನಿಯರ್ ಅವರೊಂದಿಗೆ ಸ್ಥಳಕ್ಕೆ ಹೋಗಿ, ಎದುರು ಬದಿಯ ತೋಟದವರನ್ನು ಒಪ್ಪಿಸಿ ನಾಲ್ಕು ಅಡಿ ಜಾಗ ಪಡೆದು, ರಸ್ತೆಯನ್ನು ಅಷ್ಟು ಸರಿಸಲು ಸಾಧ್ಯವೇ ಎಂದು ನೋಡಬೇಕು. ಸಾಧ್ಯವಾದರೆ ಆ ಒಪ್ಪಿಗೆಯನ್ನು ಲಿಖಿತವಾಗಿ ಪಡೆದು, ಕಲ್ಲಿನ ಸುತ್ತ ಕಟ್ಟೆ ಕಟ್ಟುವುದನ್ನು ಅದೇ ಅಂದಾಜಿನಲ್ಲಿ ಸೇರಿಸಬೇಕು. ಸಾಧ್ಯವಿಲ್ಲವೆಂದಾದರೆ ಇಲಾಖೆಗೆ ಬರೆದು, ಅವರ ಸೂಚನೆಯಂತೆ, ಮೂಲ ಸ್ಥಳವನ್ನು ನಕ್ಷೆಯಲ್ಲಿ ಗುರುತಿಸಿದ ನಂತರವೇ ಕಲ್ಲನ್ನು ಸರಿಸಬೇಕು. ಬಿಲ್ ಆದ ನಂತರ ಎಚ್ಚೆತ್ತ ಸಮಿತಿಗೆ ಉಳಿಯುವುದು ದೂರು ಬರೆಯುವ ಕೆಲಸ ಮಾತ್ರ.

ಈ ಸೀಮೆಯ ರೈತರು ತಾತ ನೆಟ್ಟ ತೆಂಗಿನ ಮರದ ಫಲವನ್ನು ಮೊಮ್ಮಗ ಕೀಳುವುದನ್ನು ಕಂಡವರು. ತಮ್ಮ ಜೀವಿತವನ್ನು ಮೀರಿದ ಸ್ವತ್ತನ್ನು ಕಾಯುವುದು ಅವರಿಗೆ ಹೊಸ ಪಾಠವಲ್ಲ. ಗ್ರಾಮ ಪಂಚಾಯಿತಿಗಳು ಮುಂದಿನ ಸಾಮಾನ್ಯ ಸಭೆಯ ಕಾರ್ಯಸೂಚಿಯಲ್ಲಿ ಈ ವಿಷಯವನ್ನು ಸೇರಿಸಿ, ಮೊದಲ ಹೆಜ್ಜೆಯಾಗಿ ಪರಂಪರೆ ವಹಿಯನ್ನು ತೆರೆಯುವುದು ಅಪೇಕ್ಷಣೀಯ.