ಬೇರುಗಂಟಿನೊಳಗಿನ ಕೆಂಪು

ಬಿತ್ತಿ ಒಂದೂವರೆ ತಿಂಗಳಾದ ಶೇಂಗಾ ಗಿಡವೊಂದನ್ನು ಹೆಂಟೆಸಮೇತ ಎಬ್ಬಿಸಿ, ಬೇರನ್ನು ಬಕೆಟ್ ನೀರಿನಲ್ಲಿ ಮೆಲ್ಲಗೆ ಅಲುಗಿಸಿ ತೊಳೆಯಿರಿ. ಬೇರು ಕವಲೊಡೆಯುವ ಸಂದಿಗಳಲ್ಲಿ ಸಾಸಿವೆ ಗಾತ್ರದ ಗಂಟುಗಳು ಕಾಣುತ್ತವೆ. ಒಂದನ್ನು ಉಗುರಿನಲ್ಲಿ ಸೀಳಿ. ಒಳಗೆ ಕೆಂಪಗಿದ್ದರೆ ಕೆಲಸ ನಡೆಯುತ್ತಿದೆ. ಬೂದು ಬಣ್ಣವಿದ್ದರೆ ನಿಂತಿದೆ.

ಆ ಕೆಂಪು ನಮ್ಮ ರಕ್ತದ ಹಿಮೋಗ್ಲೋಬಿನ್‌ಗೆ ದಾಯಾದಿ, ಹೆಸರು ಲೆಗ್‌ಹಿಮೋಗ್ಲೋಬಿನ್. ಗಂಟಿನೊಳಗೆ ರೈಜೋಬಿಯಂ ಗುಂಪಿನ ಬ್ಯಾಕ್ಟೀರಿಯಗಳಿವೆ. ಗಾಳಿಯಲ್ಲಿ ಶೇ. 78ರಷ್ಟು ಸಾರಜನಕವಿದ್ದರೂ ಅದರ ಪರಮಾಣುಗಳ ಬೆಸುಗೆ ಎಷ್ಟು ಬಿಗಿಯೆಂದರೆ, ಅದನ್ನು ಬಿಡಿಸಿ ಅಮೋನಿಯ ಮಾಡಲು ಕಾರ್ಖಾನೆಗೆ 400 ಡಿಗ್ರಿ ಮೀರಿದ ಶಾಖ, ಭಾರಿ ಒತ್ತಡ ಬೇಕು. ಈ ಜೀವಾಣುಗಳು ಅದೇ ಕೆಲಸವನ್ನು ಹೊಲದ ಬಿಸಿಯಲ್ಲೇ ಮುಗಿಸುತ್ತವೆ. ಕೂಲಿ, ಗಿಡ ಕೊಡುವ ಸಕ್ಕರೆ. ಇಲ್ಲೊಂದು ಇಕ್ಕಟ್ಟಿದೆ: ಸಾರಜನಕ ಬಿಡಿಸುವ ಕಿಣ್ವ ಆಮ್ಲಜನಕ ತಾಗಿದರೆ ಕೆಡುತ್ತದೆ, ಜೀವಾಣುವಿಗೆ ಉಸಿರಾಡಲು ಆಮ್ಲಜನಕವೇ ಬೇಕು. ಕೆಂಪು ವರ್ಣಕ ಅದನ್ನು ಹಿಡಿದಿಟ್ಟು ಅಳೆದಳೆದು ಕೊಡುತ್ತದೆ. ಮಣ್ಣಿನಡಿ ಇಷ್ಟು ಜಾಣ ಏರ್ಪಾಟು ನನಗೆ ಬೇರೊಂದು ಗೊತ್ತಿಲ್ಲ.

1888ರಲ್ಲಿ ವಿಜ್ಞಾನಿ ಬೈಯೆರಿಂಕ್ ಬೇರುಗಂಟಿನ ಈ ಜೀವಾಣುವನ್ನು ಬೇರ್ಪಡಿಸಿ ಬೆಳೆಸಿದರು. ಹತ್ತು ವರ್ಷ ತುಂಬುವ ಮೊದಲೇ ಅದು ಮಾರಾಟಕ್ಕೂ ಬಂತು.

ಚಳ್ಳಕೆರೆ ಕಡೆಯ ಮರಳುಮಿಶ್ರಿತ ಕೆಂಪು ಹೊಲಗಳಲ್ಲಿ ಸಾವಯವ ಅಂಶ ತೀರಾ ಕಡಿಮೆ. ಅಂಥಲ್ಲಿ ತಕ್ಕ ಜೀವಾಣು ಸಾಕಷ್ಟಿಲ್ಲದಿದ್ದರೆ ಬೀಜದ ಜೊತೆಗೇ ಕಳಿಸಬೇಕು. ಬೆಲ್ಲದ ನೀರು ಕುದಿಸಿ, ಪೂರ್ತಿ ಆರಿಸಿ, ಜೀವಾಣು ಪೊಟ್ಟಣದ ಕಪ್ಪು ಪುಡಿ ಕಲಸಿ, ಸಿಪ್ಪೆ ಸುಲಿಯದಂತೆ ಬೀಜಕ್ಕೆ ಲೇಪಿಸಿ, ನೆರಳಲ್ಲಿ ಒಣಗಿಸಿ ಅಂದೇ ಬಿತ್ತಬೇಕು. ಶಿಲೀಂಧ್ರನಾಶಕ ಹಚ್ಚುವುದಿದ್ದರೆ ಅದು ಮೊದಲು, ಜೀವಾಣು ಕೊನೆಗೆ. ಕಡಲೆಯ ಪೊಟ್ಟಣ ಶೇಂಗಾಕ್ಕೆ ಒಗ್ಗದು. ತಗಡಿನ ಸೂರಿನಡಿ ಬೇಸಿಗೆ ಕಳೆದ ಪೊಟ್ಟಣದಲ್ಲಿ ಜೀವವೇ ಉಳಿದಿರುವುದಿಲ್ಲ. ಎಷ್ಟೋ ರೈತರು ಇಂಥ ಸತ್ತ ಪುಡಿ ಹಚ್ಚಿ, ಜೀವಾಣು ಗೊಬ್ಬರವೇ ಸುಳ್ಳು ಎಂದು ಬಿಟ್ಟಿದ್ದಾರೆ. ಅದು ನನ್ನನ್ನು ಬಹಳ ನೋಯಿಸುತ್ತದೆ.

ಜೀವಾಣು ಇದ್ದರೂ, ರಂಜಕ ಸಾಲದಿದ್ದರೆ ಗಂಟು ಬಲಿಯುವುದಿಲ್ಲ. ಕೆಂಪು ಮಣ್ಣಿನ ಕಬ್ಬಿಣ ರಂಜಕವನ್ನು ಬಿಗಿಹಿಡಿದಿರುತ್ತದೆ. ಕೆಲವು ಬ್ಯಾಸಿಲಸ್ ಜೀವಾಣುಗಳು ಆಮ್ಲ ಸುರಿಸಿ ಅದನ್ನು ಕರಗಿಸುತ್ತವೆ. ಮಣ್ಣಿನಲ್ಲಿ ಇಲ್ಲದ್ದನ್ನು ಮಾತ್ರ ಅವೂ ತರಲಾರವು.

ಮೊದಲ ವಾರಗಳಲ್ಲಿ, ಗಂಟು ಇನ್ನೂ ಕೆಲಸಕ್ಕಿಳಿಯದಾಗ, ಎಲೆ ತುಸು ಹಳದಿಯಾಗುವುದುಂಟು. ಆಗ ಕೈ ಯೂರಿಯಾ ಚೀಲಕ್ಕೆ ಹೋಗುತ್ತದೆ. ಅತಿಯಾಗಿ ಎರಚಿದರೆ ಗಿಡ ಗಂಟು ಕಟ್ಟುವುದನ್ನೇ ಕಡಿಮೆ ಮಾಡುತ್ತದೆ. ಸಾರಜನಕ ಬೇರಿಗೇ ಬಂದು ಬಿದ್ದಮೇಲೆ, ಸಕ್ಕರೆ ಕೊಟ್ಟು ಜೀವಾಣು ಸಾಕುವ ಗೋಜು ಅದಕ್ಕೇಕೆ?